ನೆರೆಯ ಗೆರೆಗಳಿದ್ದ ಬಂಡೆ

ಅಪ್ಪ,

ಸೋಮವಾರ ಕಾವೇರಿ ನಮ್ಮ ಬೆಸ್ತರ ಕೇರಿಗೆ ನುಗ್ಗಿತು. ತಾತನೂ ಆಮೇಲೆ ನೀನೂ ಪ್ರತಿ ನೆರೆ ಎಲ್ಲಿವರೆಗೆ ಬಂತೆಂದು ದಂಡೆಯ ಬಂಡೆಯ ಮೇಲೆ ಗೆರೆ ಕೆತ್ತಿದ್ದಿರಲ್ಲ, ನಮ್ಮ ಕೇರಿಗೆ ಚರಿತ್ರೆ ಅಂತ ಇದ್ದದ್ದು ಅದೊಂದೇ. ಯಾವ ಗೆರೆ ಮುಳುಗಿದರೆ ಮನೆ ಬಿಡಬೇಕೆಂದು ನಿನಗೆ ಗೊತ್ತಿತ್ತು. ಹೋದ ವರ್ಷ ಕೊಳ್ಳೇಗಾಲದ ರಸ್ತೆ ಕೆಲಸಕ್ಕೆ ಮೇಸ್ತ್ರಿಯಾಗಿದ್ದ ನಾನು, ಜಲ್ಲಿ ಸಾಲದೆ ಆ ಬಂಡೆಯನ್ನೇ ಒಡೆಸಿದೆ. ಹತ್ತಿರದಲ್ಲಿತ್ತು, ಅಷ್ಟೇ.

ಸೋಮವಾರ ನೀರು ಏರುತ್ತಿದ್ದಾಗ ಗುರುಸಿದ್ದಮ್ಮತ್ತೆ ತನ್ನ ಮನೆ ಬಾಗಿಲಲ್ಲಿ ನಿಂತು ಕೇಳಿದಳು: "ನಿಮ್ಮಪ್ಪ ಇದ್ದಿದ್ರೆ ಬಂಡೆ ನೋಡಿ ಯೇಳೋನು. ಈಗ ನೀನೇ ಯೇಳ್ಲಾ ಮಗಾ, ನೀರು ನನ್ ಮನೆಗಂಟ ಬತ್ತದಾ? ದಿಣ್ಣೆಗೆ ಓಗ್ಬುಡ್ಲಾ?"

"ಬರಾಕಿಲ್ಲ ಕಣತ್ತೆ. ಒಳಕ್ಕೋಗಿ ಕೂತ್ಕೊ," ಅಂದೆ. ನಂಬಿ ಒಳಗೆ ಹೋದಳು.

ಇವತ್ತು ನೀರು ಇಳಿದಿದೆ. ನಿನ್ನ ಉಳಿ ಹುಡುಕಿ ತಂದು, ನೀರು ಮುಟ್ಟಿದ ಎತ್ತರಕ್ಕೆ ಶಾಲೆಯ ಕಲ್ಲುಗೋಡೆಯ ಮೇಲೆ ಗೆರೆ ಕೆತ್ತಿದೆ. ನೀನು ಗೆರೆಯ ಪಕ್ಕ ಇಸವಿ ಮಾತ್ರ ಕೆತ್ತುತ್ತಿದ್ದೆ. ನಿನ್ನ ಕಾಲದಲ್ಲಿ ನೆರೆಗೆ ಹೋದವರ ಹೆಸರು ಕೆತ್ತಬೇಕಾಗಿ ಬರಲಿಲ್ಲ. ೧೯೬೮ ಅಂತ ಬರೆದಾಯಿತು. ಅದರ ಕೆಳಗೆ ಅತ್ತೆಯ ಹೆಸರು ಬರಬೇಕು. ಮೊದಲ ಅಕ್ಷರಕ್ಕೇ ಕೈ ನಿಂತುಬಿಟ್ಟಿದೆ, ಅಪ್ಪ.