ಅಂಗಡಿಯ ಅಳತೆ

ಈರಿ, ಪೆನ್ಸಿಲ್ವೇನಿಯಾ
ಆಗಸ್ಟ್, ಸೋಮವಾರ

ತಮ್ಮಾ ಸ್ಟೆಫನ್,

ಅಪ್ಪ ನಮ್ಮಿಬ್ಬರ ಹೆಸರಿಗೆ ಬರೆದುಕೊಟ್ಟ ಪಾತ್ರೆ ಅಂಗಡಿಯನ್ನು ಆ ಊಟ ಕಳಿಸುವ ಕಂಪನಿಗೆ ಬಿಟ್ಟುಕೊಡುವ ಕಾಗದ ಬಂದಿದೆ. ನೀನು ಸಹಿ ಹಾಕಿದ್ದೀಯ, ನನ್ನದು ಬಾಕಿ. ನಾನು ಜಗಳ ತೆಗೆಯುತ್ತಿಲ್ಲ. ಟೊಮೇಟೊ ಕಾಲ ಬಂದರೂ ಸಾಸ್ ಕುದಿಸುವ ದೊಡ್ಡ ಪಾತ್ರೆ ಕೇಳಿಕೊಂಡು ಈ ವರ್ಷ ಯಾರೂ ಬರಲಿಲ್ಲ. ನಮ್ಮ ಮನೆಗೂ ಈಗ ಊಟ ಡಬ್ಬಿಯಲ್ಲೇ ಬರುತ್ತದೆ.

ಆದರೆ ಇವತ್ತು ಬೆಳಿಗ್ಗೆ ಕಂಪನಿಯ ಇಬ್ಬರು, "ಸ್ಟೆಫನ್ ಕಳಿಸಿದ್ರು" ಎನ್ನುತ್ತಾ ಅಳತೆ ತೆಗೆಯಲು ಬಂದರು. ಹೊಸ ಕಪಾಟು ಮಾಡುವವರೆಂದುಕೊಂಡ ಅಪ್ಪ ತಾವೇ ಟೇಪಿನ ಇನ್ನೊಂದು ತುದಿ ಹಿಡಿದು ನಿಂತರು. "ಬಾಣಲೆಗಳು ಕೈಗೆ ಸಿಗೋ ಹಾಗಿರ್ಲಿ ಕಣ್ರಪ್ಪಾ, ಜನ ಎತ್ತಿ ತೂಕ ನೋಡ್ತಾರೆ" ಎಂದರು. ಅವರಲ್ಲೊಬ್ಬ ನಗು ತಡೆದುಕೊಂಡು, "ಆಗ್ಲಿ ತಾತ" ಎಂದ.

ಅವರು ಹೋದ ಮೇಲೆ ಅಪ್ಪ, "ನೋಡಿದ್ಯಾ ಇರೇನಾ, ಅಂಗಡಿ ಅಂದ್ರೆ ಅವ್ನಿಗೂ ಪ್ರೀತಿ ಇದೆ. ನಾವೇ ಸುಮ್ನೆ ಬೈತಿದ್ವಿ" ಎಂದರು.

ಶುಕ್ರವಾರ ಕಾಗದ ಒಯ್ಯಲು ಬರುತ್ತಾರಂತೆ. ನೀನು ಅದಕ್ಕೆ ಮೊದಲೇ ಬಾ. ಫೋನಿನಲ್ಲಿ ಬೇಡ, ಅಂಗಡಿ ಬಿಟ್ಟುಕೊಡುತ್ತಿರುವುದನ್ನು ಅಪ್ಪನ ಎದುರು ಕೂತು ನೀನೇ ಹೇಳು. ಆಮೇಲೆ ನಾನು ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಪೆನ್ನು ಮುಟ್ಟುವುದಿಲ್ಲ.

ದಾರಿ ಕಾಯುವ ನಿನ್ನ ಅಕ್ಕ,
ಇರೇನಾ