ಫೋಟೊಗಾಗಿ ಚುಚ್ಚಿದ ಸೂಜಿ

ಮಕ್ಕಳ ದಂತ ಚಿಕಿತ್ಸಾ ಕೊಠಡಿಯ ರಿಬ್ಬನ್ ಕತ್ತರಿಸಿದ ಮಾನ್ಯ ಅಧಿಕಾರಿಗಳೇ,

ಅಂದು ನೀವು ತಲೆ ಸವರಿದ ಮಗು ನನ್ನದು. ಅವಳ ಕೈಗೆ ಸೂಜಿ ಚುಚ್ಚಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಚಿಕಿತ್ಸೆಯಿಲ್ಲದೆ ಮನೆಗೆ ಕಳಿಸಿದಿರಿ. ನಿಮಗೆ ನೆನಪಿರಲಿಕ್ಕಿಲ್ಲ.

ನಾನು ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಬಣ್ಣ ಹಚ್ಚುವವಳು. ಏಳು ವರ್ಷದ ಮಗಳು ಸಾನಾಳ ದವಡೆ ಹಲ್ಲುಗಳು ಹುಳುಕಾಗಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ಅಗಿಯಲಾಗದೆ ಅಳುತ್ತಿದ್ದಳು. ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿದರೆ ಕುರ್ಚಿಯಿಂದಿಳಿದು ಓಡುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ದಂತವೈದ್ಯ ಅಶೋಕ್ ಅವಳನ್ನು ಒತ್ತಿ ಹಿಡಿಯಲು ಒಪ್ಪಲಿಲ್ಲ. "ಹೆದರಿಸಿ ಮಾಡೋದು ಬೇಡಮ್ಮ. ರಕ್ತನಾಳಕ್ಕೆ ಅರಿವಳಿಕೆ ಕೊಟ್ರೆ ಮಲಗಿರ್ತಾಳೆ, ಎಲ್ಲಾ ಹಲ್ಲೂ ಒಂದೇ ಸಲ ಸರಿ ಮಾಡ್ಬಹುದು. ಅದಕ್ಕೆ ಅರಿವಳಿಕೆ ಡಾಕ್ಟ್ರು ಪಕ್ಕದಲ್ಲೇ ಇರ್ಬೇಕು. ಹೊಸ ರೂಮು ಶುರುವಾಗೋ ದಿನ ಬರ್ತಾರೆ, ಕರ್ಕೊಂಬನ್ನಿ" ಎಂದರು.

ಅರಿವಳಿಕೆ ಕೊಡುವ ಮುನ್ನ ಏನೂ ತಿನ್ನಿಸಬಾರದೆಂದು ಹೇಳಿದ್ದರಿಂದ, ಆ ಬೆಳಿಗ್ಗೆ ಅವಳನ್ನು ಬರಿಹೊಟ್ಟೆಯಲ್ಲಿ ಕರೆದೊಯ್ದೆ. ಹಸಿವೆಂದು ಅತ್ತಳು. ಒಂದೇ ಒಂದು ಸೂಜಿ, ಆಮೇಲೆ ನಿದ್ದೆ, ಎದ್ದಾಗ ನೋವೇ ಇರುವುದಿಲ್ಲ ಎಂದು ನಂಬಿಸಿದೆ. ನಂಬಿ ತಾನೇ ಕೈ ಚಾಚಿದಳು. ಸೂಜಿ ಹಾಕಿ, ಅದು ಕದಲದಂತೆ ಪ್ಲಾಸ್ಟರ್ ಅಂಟಿಸಿದರು; ಅರಿವಳಿಕೆ ಮದ್ದು ಇನ್ನೂ ಕೊಟ್ಟಿರಲಿಲ್ಲ. ತಡವಾಗಿ ಬಂದ ನೀವು ಹಾರ, ಭಾಷಣಗಳೆಲ್ಲ ಮುಗಿದ ಮೇಲೆ, "ನೋವಾಗ್ತಿದೆಯಾ ಪುಟ್ಟಿ?" ಎಂದು ಕೇಳಿದಿರಿ. "ಇಲ್ಲ, ಈಗ ನಿದ್ದೆ ಬತ್ತದೆ" ಎಂದಳು. ಎಲ್ಲರೂ ನಕ್ಕರು. ಫೋಟೊ ಆಯಿತು. ನೀವು ಕಾರು ಹತ್ತಿದಿರಿ, ನಿಮ್ಮ ಹಿಂದೆಯೇ ಅರಿವಳಿಕೆ ವೈದ್ಯರೂ ಹತ್ತಿದರು. ಮುಂದೆಲ್ಲೋ ಇನ್ನೊಂದು ಉದ್ಘಾಟನೆ ಇತ್ತಂತೆ.

ಅಶೋಕ್ ಡಾಕ್ಟರು ನನ್ನ ಮುಖ ನೋಡಲಿಲ್ಲ. ನರ್ಸ್ ಕಾವೇರಮ್ಮ ಸೂಜಿ ತೆಗೆದು ಹತ್ತಿ ಒತ್ತಿದರು. "ಮಗೀಗೆ ಒಸಿ ಏನಾರ ತಿನ್ಸವ್ವ. ಡಾಕ್ಟ್ರು ಹೊಂಟೋಗ್ಬುಟ್ರು. ಇನ್ಯಾವಾಗ್ ಬತ್ತಾರೋ ನಂಗೂ ಗೊತ್ತಿಲ್ಲ" ಎಂದರು.

"ಅಮ್ಮೀ, ನಂಗೆ ನಿದ್ದೆ ಬರ್ಲೇ ಇಲ್ವಲ್ಲ" ಎಂದಳು ಸಾನಾ.

ಮಾನ್ಯರೇ, ಯಂತ್ರ ಕೊಂಡಿರಿ, ಗೋಡೆಯ ಮೇಲೆ ಮೊಲ, ಜಿಂಕೆ ಬರೆಸಿದಿರಿ. ಮಗುವನ್ನು ಮಲಗಿಸಿ, ಅದರ ಉಸಿರು ಕಾಯುತ್ತ ನಿಂತು, ಮತ್ತೆ ಎಬ್ಬಿಸಬೇಕಾದ ಮನುಷ್ಯನನ್ನು ಮಾತ್ರ ಮರೆತಿರಿ. ಮೊಲದ ಚಿತ್ರ ನೋಡಿದರೆ ಮಕ್ಕಳಿಗೆ ಮಂಪರು ಬರುತ್ತದೆಂದು ತಮ್ಮ ಇಲಾಖೆ ಸಂಶೋಧಿಸಿದೆಯೇ? ಅಥವಾ ನಮ್ಮಂಥವರ ಮಕ್ಕಳು ನೋವನ್ನು ಹೇಗೋ ತಡೆದುಕೊಳ್ಳುತ್ತಾರೆಂಬ ಭರವಸೆಯೇ?

ಸಾನಾ ತಡೆದುಕೊಳ್ಳಲಿಲ್ಲ. ಕೀವು ದವಡೆಯಿಂದ ಕುತ್ತಿಗೆಗೆ ಇಳಿಯಿತು. ಜ್ವರದಲ್ಲಿ ಸುಡುತ್ತಿದ್ದವಳನ್ನು ಬೆಂಗಳೂರಿಗೆ ಒಯ್ದೆವು. ಅಲ್ಲಿ ಸೂಜಿ ಹಾಕಲು ಅವಳ ಅಪ್ಪ ತಾಜ್ ಪಾಷಾ ಮೈಮೇಲೆ ಬಗ್ಗಿ ಒತ್ತಿ ಹಿಡಿಯಬೇಕಾಯಿತು. ನಿದ್ದೆ ಬರುತ್ತದೆ ಎಂದು ನಾನು ಹೇಳಿದರೆ, "ಸುಳ್ಳು" ಎಂದು ಕಿರುಚಿದಳು. ಹಲ್ಲು ಕಿತ್ತು, ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದರು. ಬದುಕಿದಳು. ಈಗ ಬಳೆ ತೊಡಿಸಲು ಹೋದರೂ ಕೈ ಹಿಂದಕ್ಕೆ ಬಚ್ಚಿಡುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ವಾರದಲ್ಲಿ ಒಂದು ದಿನ ಆ ಕೊಠಡಿಗೆ ಅರಿವಳಿಕೆ ವೈದ್ಯರನ್ನು ಕಳಿಸಿ. ಅದು ಆಗುವವರೆಗೆ, ಮಕ್ಕಳಿಗೆ ನೋವಿಲ್ಲದ ಹಲ್ಲಿನ ಚಿಕಿತ್ಸೆ ಎಂದು ಬರೆಸಿರುವ ಹೊರಗಿನ ಬೋರ್ಡಿಗೆ ಬಟ್ಟೆ ಹೊದಿಸಿ. ಆ ಬೋರ್ಡು ನಂಬಿಕೊಂಡು ಮೊನ್ನೆ ಕುದೂರಿನಿಂದ ಒಬ್ಬ ತಾಯಿ ಮಗನನ್ನು ಬಸ್ಸಿನಲ್ಲಿ ಕರೆತಂದಿದ್ದಳು. ಅವನೂ ಏನೂ ತಿಂದಿರಲಿಲ್ಲ.

ಇಂತಿ,
ಮಗಳ ಕಣ್ಣಲ್ಲಿ ಸುಳ್ಳುಗಾತಿಯಾದ
ಯಾಸ್ಮಿನ್, ಚನ್ನಪಟ್ಟಣ